ಸಹಾಯ ಬೇಕು: ಒಂದೇ ದಿನದಲ್ಲಿ ಮೈಸೂರಿಗೆ ಸೈಕಲ್‌ನಲ್ಲಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಾವು ಆರು ಜನ ಗೆಳೆಯರು ಒಂದೇ ದಿನದಲ್ಲಿ ಕೆಂಗೇರಿಯಿಂದ ಮೈಸೂರಿಗೆ ಸೈಕಲ್ ತುಳಿಯಬೇಕು ಅಂತಿದ್ದೇವೆ. ಹತ್ತಿರ ಹತ್ತಿರ 130 ಕಿಲೋಮೀಟರ್. ಬೆಳಗಿನ ಜಾವವೇ ಹೊರಡುತ್ತೇವೆ.

2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್, ಆಟೋ, ಸೈಕಲ್ ಯಾವುದನ್ನೂ ಬಿಡುತ್ತಿಲ್ಲ. ಹಾಗಾಗಿ ಸರ್ವಿಸ್ ರಸ್ತೆಯೇ ಗತಿ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಊರೊಳಗೆ ಹೋಗುವುದು ನಮಗೂ ಇಷ್ಟವೇ. ತಿಂಡಿ, ನೀರು, ಪಂಕ್ಚರ್ ಅಂಗಡಿ ಎಲ್ಲಾ ಸಿಗುತ್ತೆ ಅಲ್ವಾ. ನನ್ನ ಭಯ ಕತ್ತಲಿನದ್ದು. ಬೆಳಕು ಹರಿಯುವ ಮೊದಲು ಆ ರಸ್ತೆಯಲ್ಲಿ ರಾಂಗ್ ಸೈಡಿನಲ್ಲಿ ಬರುವ ಗಾಡಿಗಳು ಜಾಸ್ತಿನಾ? ಎಲ್ಲೆಲ್ಲಿ ರಸ್ತೆ ಕೆಟ್ಟಿದೆ? ಇತ್ತೀಚೆಗೆ ಹೋದವರು ದಯವಿಟ್ಟು ಹೇಳಿ. ಕನಕಪುರ, ಮಳವಳ್ಳಿ, ಬನ್ನೂರು ದಾರಿಯೇ ವಾಸಿ ಅನ್ನಿಸಿದರೆ ಅದನ್ನೂ ತಿಳಿಸಿ.

ನಮ್ಮಲ್ಲಿ ಇಬ್ಬರು ಇಷ್ಟು ದೂರ ಯಾವತ್ತೂ ತುಳಿದಿಲ್ಲ. ಮೈಸೂರಿಗೆ ಆರೂ ಜನ ಒಟ್ಟಿಗೇ ತಲುಪಬೇಕು, ನನಗೆ ಅದೇ ಮುಖ್ಯ. ನಿಧಾನವಾಗಿ ತುಳಿಯುವವರನ್ನು ಮುಂದೆ ಬಿಡುವುದು ಒಳ್ಳೆಯದಾ, ಅಥವಾ ಪ್ರತಿ 25 ಕಿಲೋಮೀಟರಿಗೆ ನಿಂತು ಎಲ್ಲರೂ ಸೇರಿಕೊಳ್ಳುವುದಾ?

ಇನ್ನೊಂದು, ಮೈಸೂರಿನಿಂದ ರೈಲಿನ ಲಗೇಜ್ ವ್ಯಾನಿನಲ್ಲಿ ಸೈಕಲ್ ತಂದವರು ಇದ್ದೀರಾ? ಬುಕಿಂಗ್‌ಗೆ ಎಷ್ಟು ಮುಂಚೆ ಸ್ಟೇಷನ್‌ನಲ್ಲಿರಬೇಕು?