ಹೆರಿಗೆ ಬ್ಯಾನಿಗೆ ಸೂಜಿ ತಗೊಂಡ್ರ ತಪ್ಪೇನು? ಅರಿವಳಿಕೆ ವೈದ್ಯೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಸೇಡಂನ ಸದಸ್ಯೆ): ಮೇಡಂ, ನಂದು ಚೊಚ್ಚಲ ಬಸುರು, ಎಂಟು ತಿಂಗಳು ತುಂಬ್ಯಾವ. ಬಾಣಂತನಕ್ಕ ಕಲಬುರಗಿ ತವರುಮನಿಗೆ ಬಂದೀನಿ. ನಮ್ಮ ಅಕ್ಕ ನೆದರ್‌ಲ್ಯಾಂಡ್ಸ್‌ನ್ಯಾಗ ಮನ್ಯಾಗೇ ಹಡದಾಳ, ಔಷಧ ಏನೂ ಇಲ್ಲ. ಫ್ರಾನ್ಸ್‌ನ್ಯಾಗಿರೋ ಗೆಳತಿ "ಎಪಿಡ್ಯೂರಲ್ (ಬ್ಯಾನಿ ಗೊತ್ತಾಗದಂಗ ಬೆನ್ನಿಗೆ ಹಾಕೋ ಸೂಜಿ) ಇಲ್ದ ಯಾರ ಹಡೀತಾರ?" ಅಂತಾಳ. ನಮ್ಮತ್ತಿ "ನಾವು ಹಡದಿಲ್ಲೇನು? ಬೆನ್ನಿಗೆ ಸೂಜಿ ಹಾಕಿಸಿಕೊಂಡ್ರ ಸಾಯೋತನಕ ಸೊಂಟನೋವು" ಅಂತಾರ. ಯಾರ ಮಾತು ಕೇಳ್ಲಿ? ಬ್ಯಾನಿ ತಡಕೊಳ್ಳಾಕ ಆಗ್ಲಿಲ್ಲಂದ್ರ ನಾ ಹೇಡಿನಾ?

ಉತ್ತರ (ಅರಿವಳಿಕೆ ವೈದ್ಯೆ, ಕಲಬುರಗಿ): ಕೊನೆಯ ಪ್ರಶ್ನೆಗೇ ಮೊದಲ ಉತ್ತರ: ಅಲ್ಲವ್ವ, ಖಂಡಿತ ಅಲ್ಲ. ಹೆರಿಗೆ ಕೋಣೆಯಲ್ಲಿ ಮಂಚದ ಸರಳು ಹಿಡಿದು ಬಳೆ ಒಡೆಯುವಷ್ಟು ಬಿಗಿ ಮಾಡಿಕೊಂಡು, "ಚೀರಬ್ಯಾಡ" ಅಂತ ಬೈಸಿಕೊಳ್ಳುವ ಹುಡುಗಿಯರನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಅದು ಪರೀಕ್ಷೆಯಲ್ಲ, ಅಲ್ಲಿ ಪಾಸು-ಫೇಲು ಇಲ್ಲ.

ನಿಮ್ಮ ಅಕ್ಕ, ಗೆಳತಿ ಇಬ್ಬರೂ ಹೇಳುವುದು ಅವರವರ ದೇಶದ ಏರ್ಪಾಡಿನ ಮಾತು. ನೆದರ್‌ಲ್ಯಾಂಡ್ಸ್‌ನಲ್ಲಿ ಮನೆ ಹೆರಿಗೆ ಅಂದರೆ ಬರೇ ಧೈರ್ಯ ಅಲ್ಲ. ತೊಂದರೆ ಇಲ್ಲದ ಬಸುರಿಗೆ ಮಾತ್ರ ಅದು, ಜೊತೆಗೆ ತರಬೇತಾದ ಸೂಲಗಿತ್ತಿ ಇರುತ್ತಾಳೆ. ಬಗ್ಗಿ ಬಗ್ಗಿ ಅವಳ ಬೆನ್ನು ಹೋಗಬಾರದೆಂದು ಮಂಚದ ಕಾಲಿಗೆ ದಿಮ್ಮಿ ಕೊಟ್ಟು ಎತ್ತರಿಸಿರುತ್ತಾರೆ. ತುರ್ತು ಕರೆಗೆ ಆಂಬುಲೆನ್ಸ್ 15 ನಿಮಿಷದಲ್ಲಿ ಬಾಗಿಲಿಗೆ ಬರಬೇಕೆಂಬುದು ಅಲ್ಲಿನ ಲೆಕ್ಕ. ಹೆರಿಗೆಯಾದ ಮೇಲೆ ಸುಮಾರು ಒಂದು ವಾರ ಬಾಣಂತಿಯನ್ನು ನೋಡಿಕೊಳ್ಳಲು ದಾದಿ ಮನೆಗೇ ಬರುತ್ತಾಳೆ. ಚಿಂಚೋಳಿ ಕಡೆಯ ತಾಂಡಾದಲ್ಲಿ ನಡುರಾತ್ರಿ ರಕ್ತಸ್ರಾವ ಆದರೆ ಏನು ಗತಿ ಅಂತ ಯೋಚಿಸಿ ನೋಡಿ. ಅಕ್ಕನ ದಾರಿ ನಮ್ಮೂರಲ್ಲಿ ಹಿಡಿಯಬೇಡಿ.

ಫ್ರಾನ್ಸ್‌ನಲ್ಲಿ ಎಪಿಡ್ಯೂರಲ್ ಖರ್ಚನ್ನು ಸರ್ಕಾರಿ ವಿಮೆಯೇ ಕೊಡುತ್ತದೆ. ಸಹಜವಾಗಿ ಹೆರುವ ಹತ್ತರಲ್ಲಿ ಸುಮಾರು ಎಂಟು ಮಂದಿ ತೆಗೆದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ನೋವು ತಗ್ಗಿಸಲು ಅರ್ಧ ನೈಟ್ರಸ್ ಆಕ್ಸೈಡ್ (ನಗೆ ಅನಿಲ), ಅರ್ಧ ಆಮ್ಲಜನಕದ ಗಾಳಿಯನ್ನು ಮೂತಿಗೆ ಹಿಡಿದು ಎಳೆದುಕೊಳ್ಳುತ್ತಾರೆ. ಜಪಾನ್ ಮಾತ್ರ ನಮ್ಮಂಥದೇ. "ಹೊಟ್ಟೆ ನೋಯಿಸಿಕೊಂಡು ಹೆತ್ತ ಮಗು" ಅಂತ ಅವರ ನುಡಿಗಟ್ಟೇ ಇದೆ. ಆಸ್ಪತ್ರೆ, ದುಡ್ಡು, ಯಂತ್ರ ಎಲ್ಲ ಇದ್ದೂ ಅಲ್ಲಿ ಎಪಿಡ್ಯೂರಲ್ ಕಡಿಮೆ. ಅದಕ್ಕೇ ಟೋಕಿಯೊ ಆಡಳಿತ 2025ರ ಅಕ್ಟೋಬರ್‌ನಿಂದ 1 ಲಕ್ಷ ಯೆನ್‌ವರೆಗೆ ಸಹಾಯಧನ ಕೊಡಲು ಶುರು ಮಾಡಿತು.

ಅತ್ತೆಯವರ ಮಾತು ಹೊಸದಲ್ಲ. 1847ರಲ್ಲಿ ಎಡಿನ್‌ಬರೋದ ವೈದ್ಯ ಸಿಂಪ್ಸನ್ ಹೆರಿಗೆಗೆ ಮಂಪರು ತರಿಸುವ ಕ್ಲೋರೋಫಾರ್ಮ್ ಕೊಟ್ಟಾಗ "ನೋವು ದೇವರು ಇಟ್ಟದ್ದು" ಅಂತ ಅಲ್ಲಿಯೂ ತಕರಾರು ಎದ್ದಿತ್ತು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ತಗೊಂಡ ಮೇಲೆ ಜನರ ಅಂಜಿಕೆ ಎಷ್ಟೋ ಇಳಿಯಿತು.

ಇನ್ನು ಸೊಂಟನೋವು. ಸೂಜಿ ಹಾಕಿದ ಜಾಗ ಎರಡು ಮೂರು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ನೋವಿಗೆ ಅದು ಕಾರಣವಲ್ಲ. ಬಸಿರು, ಕೂಸನ್ನು ಎತ್ತಿ ಇಳಿಸುವುದು, ಬಗ್ಗಿ ಹಾಲು ಕುಡಿಸುವುದು, ಇವೇ ಸೊಂಟ ಹಿಡಿಸುತ್ತವೆ. ಸೂಜಿ ತಗೊಳ್ಳದವರಿಗೂ ಅಷ್ಟೇ ಬರುತ್ತದೆ.

ಪ್ರಶ್ನೆ (ಆಳಂದದ ಸದಸ್ಯ): ಎಪಿಡ್ಯೂರಲ್ ಹಾಕಿದ್ರ ಕೊನಿಗೆ ಸಿಸೇರಿಯನ್ನೇ ಆಗ್ತದಂತ, ಖರೇನಾ?

ಉತ್ತರ: ಖರೇ ಅಲ್ರಿ. ಸಾವಿರಾರು ಹೆಂಗಸರ ಮೇಲೆ ಹೋಲಿಸಿ ನೋಡಿದ್ದಾರೆ, ಸಿಸೇರಿಯನ್ ಹೆಚ್ಚಾಗುವುದಿಲ್ಲ. ಕೂಸನ್ನು ಹೊರಗೆ ತಳ್ಳಲು ತಿಣುಕುವ ಹೊತ್ತು ಸ್ವಲ್ಪ ಉದ್ದವಾಗುತ್ತದೆ. ಬಿಪಿ ಇಳಿಯಬಹುದು, ಮೈ ತುರಿಸಬಹುದು, ಜ್ವರ ಬರಬಹುದು. ನೂರರಲ್ಲಿ ಸುಮಾರು ಒಬ್ಬರಿಗೆ ಕೆಲ ದಿನ ಜೋರು ತಲೆನೋವು. ಇದನ್ನು ಮುಚ್ಚಿಡಬಾರದು.

ಹಾಕುವುದು ಹೀಗೆ: ತಲೆದಿಂಬು ಅವಚಿಕೊಂಡು, ಮೈ ಮುರಿಯುವ ಬೆಕ್ಕಿನ ಹಾಗೆ ಬೆನ್ನು ಬಾಗಿಸಿ ಕೂರಬೇಕು. ತಣ್ಣನೆ ಔಷಧ ಒರೆಸುತ್ತೇವೆ, ಚರ್ಮಕ್ಕೆ ಮರಗಟ್ಟಿಸುವ ಚುಚ್ಚುಮದ್ದು. ಆಮೇಲೆ ಒತ್ತಿದಂತೆ ಅಷ್ಟೇ. ಸೂಜಿ ಒಳಗೆ ಉಳಿಯುವುದಿಲ್ಲ, ತೆಳ್ಳಗಿನ ಮೆತ್ತನೆಯ ನಳಿಗೆ ಮಾತ್ರ ಉಳಿಯುತ್ತದೆ. ಹತ್ತಿಪ್ಪತ್ತು ನಿಮಿಷದಲ್ಲಿ ಹೊಟ್ಟೆ ಬಿಗಿಯುವುದು ಗೊತ್ತಾಗುತ್ತದೆ, ಉರಿಯುವುದಿಲ್ಲ. ಎಷ್ಟೋ ಜನ ಅಲ್ಲೇ ಒಂದು ಜೊಂಪು ನಿದ್ದೆ ಮಾಡುತ್ತಾರೆ.

ಪ್ರಶ್ನೆ (ಯಾದಗಿರಿ ಜಿಲ್ಲೆಯ ಆಶಾ ಕಾರ್ಯಕರ್ತೆ): ಇದೆಲ್ಲ ದೊಡ್ಡೂರಿನ ಮಾತು ಮೇಡಂ. ನಮ್ಮ ಹೆಣ್ಮಕ್ಕಳಿಗೆ ಏನದ?

ಉತ್ತರ: ನೀವು ಕೇಳಿದ್ದು ನನ್ನ ಎದೆಗೆ ನಾಟಿತು. ಎಪಿಡ್ಯೂರಲ್ ಕೊಡಬೇಕಾದರೆ ಹಗಲೂ ರಾತ್ರಿ ಅರಿವಳಿಕೆ ವೈದ್ಯರು ಬೇಕು, ಬಹಳ ಕಡೆ ಇಲ್ಲ. ಆದರೆ ಹೆರಿಗೆ ಹೊತ್ತಲ್ಲಿ ತನ್ನವಳೊಬ್ಬಳನ್ನು ಜೊತೆಗಿಟ್ಟುಕೊಳ್ಳಲು ಸರ್ಕಾರಿ ಆಸ್ಪತ್ರೆಯಲ್ಲಿ 2016ರಲ್ಲೇ ಕೇಂದ್ರ ಒಪ್ಪಿದೆ. "ಹೊರಗ ನಿಂದ್ರು" ಅಂದರೆ ಅದನ್ನು ಹೇಳಿ, ಪಟ್ಟು ಹಿಡಿಯಿರಿ. ಬ್ಯಾನಿ ಬಂದಾಗ ಅಂಗೈಯ ಬುಡದಿಂದ ಸೊಂಟದ ಕೆಳಗಿನ ಎಲುಬನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಬ್ಯಾನಿ ಇಳಿಯುವ ತನಕ ಬಿಡಬೇಡಿ. ಬಿಸಿನೀರ ಬಟ್ಟೆ, ಓಡಾಟ, ನೀಳ ಉಸಿರು. ಅಂಗಾತ ಮಲಗಿಸಬೇಡಿ. ಇವು ನೋವನ್ನು ಅಳಿಸುವುದಿಲ್ಲ, ಆದರೆ ಒಬ್ಬಂಟಿಯಾಗಿ ಒದ್ದಾಡುವುದನ್ನು ತಪ್ಪಿಸುತ್ತವೆ.

ಸೇಡಂನ ಸದಸ್ಯೆ: ನಮ್ಮ ಅತ್ತಿಯವ್ರಿಗೆ ಓದಿ ಹೇಳ್ದೆ. "ಸೊಂಟ ಒತ್ತಾಕ ನಾ ಬರ್ತೀನಿ" ಅಂದ್ರು. ಸೂಜಿ ಬೇಕೋ ಬ್ಯಾಡೋ ಇನ್ನೂ ಗೊತ್ತಿಲ್ಲ.

ಉತ್ತರ: ಈಗಲೇ ಗೊತ್ತಾಗಬೇಕೆಂದಿಲ್ಲ. ಬ್ಯಾನಿ ನಡುವೆಯೂ ಮನಸ್ಸು ಬದಲಿಸಬಹುದು. ನೀವು ಹೋಗುವ ಆಸ್ಪತ್ರೆಯಲ್ಲಿ ಒಂದೇ ಮಾತು ಕೇಳಿಕೊಂಡು ಬನ್ನಿ: ರಾತ್ರಿ ಎರಡಕ್ಕೆ ಅರಿವಳಿಕೆ ವೈದ್ಯರು ಇರ್ತಾರಾ? ರಕ್ತಪರೀಕ್ಷೆ ಚೀಟಿಯನ್ನೂ ಇಟ್ಟುಕೊಂಡಿರಿ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಎಷ್ಟಿವೆ ಅಂತ ನೋಡದೆ ನಾವು ಸೂಜಿ ಮುಟ್ಟುವುದಿಲ್ಲ.