ಶೆಟ್ಟಿಹಳ್ಳಿ, ದೋರನಹಳ್ಳಿ, ಅತ್ತೂರು: ಒಂದೇ ಸುತ್ತಿಗೆ ಯಾವ ತಿಂಗಳು ಸರಿ?

ಪ್ರಶ್ನೆ: ಹಾಸನದ ಬಳಿಯ ಶೆಟ್ಟಿಹಳ್ಳಿ ಹಳೆ ಚರ್ಚ್, ಕೆ.ಆರ್. ನಗರದ ಕಡೆಯ ದೋರನಹಳ್ಳಿ ಸಂತ ಅಂತೋಣಿ ಬಸಿಲಿಕ (ಪೋಪ್ ವಿಶೇಷ ಸ್ಥಾನ ಕೊಟ್ಟ ಚರ್ಚ್), ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಬಸಿಲಿಕ. ಮೂರಕ್ಕೂ ಕಾರಿನಲ್ಲಿ ಮೂರು ದಿನ ಇದೆ. ವಯಸ್ಸಾದವರು ಜೊತೆಗಿದ್ದಾರೆ. ಶೆಟ್ಟಿಹಳ್ಳಿಯಲ್ಲಿ ನೀರಿಲ್ಲದಾಗ ಕಟ್ಟಡದ ಹತ್ತಿರ ಹೋಗಬೇಕು. ಯಾವಾಗ ಹೊರಡುವುದು?

ಉತ್ತರ 1: ಶೆಟ್ಟಿಹಳ್ಳಿಗೆ ತಿಂಗಳು ಹೊಂದಿಸಿ, ಉಳಿದೆರಡು ತಾವಾಗಿ ಹೊಂದುತ್ತವೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಈ ಚರ್ಚ್ ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿದೆ. ಮಳೆಗಾಲದಲ್ಲಿ ಭಾಗಶಃ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಹೊರಬರುತ್ತದೆ. ಹೊರಡುವ ಮುನ್ನ ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿ ನೋಡಿ: ಹೇಮಾವತಿಯ ಗರಿಷ್ಠ ಮಟ್ಟ 2922 ಅಡಿ. ಇಂದಿನ ಅಂಕಿ ಅದರ ಹತ್ತಿರವಿದ್ದರೆ ದಡದಿಂದ ನೋಡಿ ಬರಬೇಕಷ್ಟೆ. ಫೆಬ್ರವರಿ ಕೊನೆಯಿಂದ ಮೇವರೆಗೆ ಹೋಗುವುದು ಒಳ್ಳೆಯದು.

ನೀರು ಇಳಿದ ಹೊಸದರಲ್ಲಿ ಮೋಸ ಮಾಡುವುದು ಹೂಳು. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಅಡಿಯಲ್ಲಿ ಕೆಸರು ಹಸಿಯಾಗೇ ಇರುತ್ತದೆ; ಚಕ್ರ ಹೂತುಹೋಗುತ್ತದೆ. ಗಟ್ಟಿ ರಸ್ತೆಯಲ್ಲೇ ಕಾರು ಬಿಟ್ಟು ನಡೆಯಿರಿ, ಹಿರಿಯರಿಗೆ ಊರುಗೋಲು ಕೊಡಿ.

ಕಮಾನುಗಳ ಕೆಳಗೆ ಮಾತ್ರ ನಿಲ್ಲಬೇಡಿ. ವರ್ಷಾವರ್ಷ ನೆನೆದು ಒಣಗಿ ಗಾರೆ ಸಡಿಲವಾಗಿದೆ, ಬುಡದ ಇಟ್ಟಿಗೆಗಳನ್ನು ಅಲೆ ಕೊರೆಯುತ್ತದೆ. ಈಗಾಗಲೇ ಗೋಡೆಯ ಭಾಗಗಳು ಉರುಳಿವೆ. ಫೋಟೊಗಾಗಿ ಗೋಡೆ ಹತ್ತುವವರನ್ನು ದಯವಿಟ್ಟು ತಡೆಯಿರಿ. ಬಿದ್ದ ಇಟ್ಟಿಗೆಯನ್ನು ಮತ್ತೆ ಕೂರಿಸಲಾಗದು.

ಉತ್ತರ 2: ದೋರನಹಳ್ಳಿಗೆ ಮಂಗಳವಾರ ಬಿಟ್ಟು ಹೋಗಿ. ಅದು ಸಂತ ಅಂತೋಣಿಯವರ ದಿನ, ಹರಕೆಯವರು ಹೆಚ್ಚು. ಜೂನ್ 13ರ ಹಬ್ಬಕ್ಕೆ ಕೇಳುವುದೇ ಬೇಡ. ಉಳುವಾಗ ರೈತನಿಗೆ ಪ್ರತಿಮೆ ಸಿಕ್ಕಿತು ಎಂಬುದು ಅಲ್ಲಿನ ನಂಬಿಕೆ. 2019ರಲ್ಲಿ ಬಸಿಲಿಕ ಪಟ್ಟ ಸಿಕ್ಕಿತು.

ಉತ್ತರ 3: ಅತ್ತೂರಿಗೆ (ಬಸಿಲಿಕ ಆದದ್ದು 2016) ಜನವರಿ ಕೊನೆಯ ಜಾತ್ರೆ ತಪ್ಪಿಸಿದರೆ ಹಿರಿಯರಿಗೆ ಆರಾಮ. ಜಾತ್ರೆಯಲ್ಲಿ ದೂರದಲ್ಲೇ ಗಾಡಿ ನಿಲ್ಲಿಸಿ ನಡೆಯಬೇಕಾಗುತ್ತದೆ. ಮಾರ್ಚ್‌ನಲ್ಲಿ ಮೊಂಬತ್ತಿ ಹಚ್ಚಿ, ಪುಷ್ಕರಿಣಿ ನೋಡಿ ನಿಧಾನವಾಗಿ ಬರಬಹುದು. ಬಲಿಪೂಜೆ (ಚರ್ಚಿನ ಮುಖ್ಯ ಪೂಜಾವಿಧಿ, ಮಾಸ್) ಕನ್ನಡದಲ್ಲಿ ಬೇಕೋ ಕೊಂಕಣಿಯಲ್ಲೋ, ಸಮಯವನ್ನು ಮೊದಲೇ ಚರ್ಚಿನ ಕಚೇರಿಗೆ ಕರೆಮಾಡಿ ಕೇಳಿ.

ದಾರಿ: ಮೊದಲ ದಿನ ದೋರನಹಳ್ಳಿ, ರಾತ್ರಿ ಹಾಸನ. ಎರಡನೇ ದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ಶೆಟ್ಟಿಹಳ್ಳಿ, ಆಮೇಲೆ ಸಕಲೇಶಪುರ, ಶಿರಾಡಿ ಇಳಿದು ಗುರುವಾಯನಕೆರೆ ಮೇಲೆ ಕಾರ್ಕಳ. ಘಾಟಿಯನ್ನು ಹಗಲಲ್ಲೇ ಇಳಿಯಿರಿ. ಮೂರನೇ ದಿನ ಅತ್ತೂರು.