ಒಬ್ಬಳೇ ನುಡಿಸಿದರೆ ಶ್ರುತಿ ಸರಿ, ಫ್ಲೂಟ್ ಮೇಳದಲ್ಲಿ ಕೂತ ಕೂಡಲೇ ತಪ್ಪುತ್ತದೆ. ಯಾಕೆ?

ಮೂರನೇ_ಪಾರ್ಟ್:

ಎಲ್ಲರಿಗೂ ನಮಸ್ಕಾರ. ಐದು ವರ್ಷದಿಂದ ಫ್ಲೂಟ್ ಕಲಿಯುತ್ತಿದ್ದೇನೆ. ಬಿದಿರಿನದಲ್ಲ, ಕೀ ಇರುವ ಲೋಹದ ಫ್ಲೂಟ್. ಈ ವರ್ಷ ವಿದ್ಯಾರ್ಥಿಗಳ ಫ್ಲೂಟ್ ಮೇಳಕ್ಕೆ ಸೇರಿಕೊಂಡೆ. ಒಟ್ಟು ಒಂಬತ್ತು ಜನ ಇದ್ದೇವೆ. ಒಂದು ಪಿಕೊಲೊ (ಎಲ್ಲಕ್ಕಿಂತ ಚಿಕ್ಕದು, ಮೇಲಿನ ಸ್ವರದ್ದು), ಆರು ಸಾಮಾನ್ಯ ಫ್ಲೂಟ್, ಕೆಳಗಿನ ಸ್ವರಗಳಿಗೆ ಒಂದು ಆಲ್ಟೊ, ಅದಕ್ಕೂ ಕೆಳಗಿನದಕ್ಕೆ ಒಂದು ಬಾಸ್. ನನ್ನದು ಮೂರನೇ ಪಾರ್ಟ್, ಅಂದರೆ ಮೇಳಕ್ಕೆ ಬರೆದ ಸಾಲುಗಳಲ್ಲಿ ಮೂರನೆಯದು, ಇನ್ನೊಬ್ಬಳ ಜೊತೆ.

ತೊಂದರೆ ಏನೆಂದರೆ, ಮನೆಯಲ್ಲಿ ಟ್ಯೂನರ್ (ಶ್ರುತಿ ತೋರಿಸುವ ಯಂತ್ರ) ಮುಂದಿಟ್ಟುಕೊಂಡು ಊದಿದರೆ ಮುಳ್ಳು ನಟ್ಟನಡುವೆ ನಿಲ್ಲುತ್ತದೆ. ಮೇಳದಲ್ಲಿ ಅದೇ ಸ್ವರ ಯಾರ ಜೊತೆಗೂ ಸೇರುವುದಿಲ್ಲ. ಪಕ್ಕದವಳೂ ನಾನೂ ಒಂದೇ ಸ್ವರ ಹಿಡಿದಾಗ ವ್ಹಾ ವ್ಹಾ ಅಂತ ಅಲುಗಾಡುತ್ತದೆ, ಬೇರೆಯವರ ಜೊತೆ ಬೇರೆ ಸ್ವರ ಹಿಡಿದಾಗ ಕಿವಿಯೊಳಗೆ ಏನೋ ಗುಂಯ್‌ಗುಟ್ಟುತ್ತದೆ. ಹೋದ ವಾರ ನಮ್ಮ ಮೇಡಂ ನಡುವೆ ನಿಲ್ಲಿಸಿ ಮೂರನೇ ಪಾರ್ಟ್ ಶ್ರುತಿ ಕೇಳಿಸಿಕೊಳ್ಳಿ ಅಂದರು, ಅದೂ ಮೂರು ಸಲ. ಏರಿದೆಯೋ ಇಳಿದಿದೆಯೋ ಅನ್ನುವುದೇ ನನಗೆ ಗೊತ್ತಾಗುವುದಿಲ್ಲ. ಸುಮ್ನೆ ಹೆಡ್ ಜಾಯಿಂಟ್ (ಊದುವ ತೂತಿರುವ ತುಂಡು) ಎಳೆಯುವುದು, ದೂಡುವುದು, ಅಷ್ಟೇ ಮಾಡುತ್ತಿದ್ದೇನೆ.

ಇನ್ನೊಂದು ವಿಷಯ. ಆಲ್ಟೊ ನುಡಿಸುತ್ತಿದ್ದವನು ಓದು ಮುಗಿಸಿ ಹೊರಟಿದ್ದಾನೆ, ಮುಂದಿನ ತಿಂಗಳಿಂದ ಆಲ್ಟೊ ನೀನು ತೆಗೆದುಕೋ ಅಂತ ಹೇಳಿದ್ದಾರೆ. ಮೊದಲು ಮೂರನೇ ಪಾರ್ಟ್, ಈಗ ಆಲ್ಟೊ. ನನ್ನನ್ನು ಹಿಂದೆ ಹಿಂದೆ ಸರಿಸುತ್ತಿದ್ದಾರೆ ಅನ್ನಿಸಿ ಬೇಜಾರಾಗಿದೆ. ಮೇಳದಲ್ಲಿ ನುಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಎರಡು_ಕೊಳಲು:

ಮೊದಲು ಶ್ರುತಿ ವಿಷಯ ಹೇಳುತ್ತೇನೆ, ಆಲ್ಟೊ ಬಗ್ಗೆ ಬೇರೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ನಿಮಗೆ ಕೇಳಿಸುತ್ತಿರುವ ಆ ವ್ಹಾ ವ್ಹಾ ಇದೆಯಲ್ಲ, ಅದನ್ನು ನೋಡಿ ಹೆದರಬೇಡಿ. ನಿಮ್ಮ ಹತ್ತಿರ ಇರುವ ಒಳ್ಳೆಯ ಟ್ಯೂನರ್ ಅದೇ. ಒಬ್ಬರು 440 ಹರ್ಟ್ಸ್ (ಸೆಕೆಂಡಿಗೆ 440 ಕಂಪನ), ಇನ್ನೊಬ್ಬರು 442 ಹರ್ಟ್ಸ್ ಊದಿದರೆ ಸೆಕೆಂಡಿಗೆ ಎರಡು ಸಲ ಆ ಅಲೆ ಬರುತ್ತದೆ. ಹತ್ತಿರ ಬಂದಷ್ಟೂ ಅಲೆ ನಿಧಾನ ಆಗುತ್ತದೆ, ಪೂರ್ತಿ ಸೇರಿದಾಗ ನಿಲ್ಲುತ್ತದೆ. ಆದ್ದರಿಂದ ಏರಿದ್ದೇನೋ ಇಳಿದಿದ್ದೇನೋ ಅಂತ ತಲೆ ಕೆಡಿಸಿಕೊಳ್ಳುವುದು ಬೇಡ. ತುಟಿಯನ್ನು ಸ್ವಲ್ಪ ಮುಂದೆ ತಂದು ಗಾಳಿಯನ್ನು ಒಂಚೂರು ಮೇಲಕ್ಕೆ ಬಿಡಿ, ಶ್ರುತಿ ಏರುತ್ತದೆ. ಆಗ ಅಲೆ ನಿಧಾನವಾಯಿತಾ? ಹಾಗಾದರೆ ಸರಿಯಾದ ದಿಕ್ಕು. ಇನ್ನೂ ವೇಗವಾಯಿತಾ? ಗಾಳಿಯನ್ನು ಕೆಳಕ್ಕೆ ಬಿಟ್ಟು ಇಳಿಸಿ. ಪಕ್ಕದವರ ಜೊತೆ ಕೂತು ಒಂದೇ ಸ್ವರವನ್ನು ಹತ್ತು ನಿಮಿಷ ಹೀಗೆ ಮಾಡಿದರೆ ಕಿವಿ ತಾನಾಗಿ ದಾರಿ ಕಂಡುಕೊಳ್ಳುತ್ತದೆ. ಒಬ್ಬರು ಅಲುಗಾಡದೆ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಹುಡುಕಬೇಕು, ಆಮೇಲೆ ಅದಲುಬದಲು. ಇಬ್ಬರೂ ಒಟ್ಟಿಗೆ ಹುಡುಕಲು ಹೋದರೆ ಇಬ್ಬರೂ ಸಿಗುವುದಿಲ್ಲ.

ಮನೆಯಲ್ಲಿ ಸರಿ ಇದ್ದದ್ದು ಅಲ್ಲಿ ತಪ್ಪುವುದಕ್ಕೆ ಕಾರಣ ಬೇಕಾದಷ್ಟಿವೆ. ಫ್ಲೂಟ್ ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ, ಬೆಚ್ಚಗಾದರೆ ಏರುತ್ತದೆ. ಒಳಗಿನ ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು 3 ಸೆಂಟ್ ವ್ಯತ್ಯಾಸ (ಕೀಬೋರ್ಡಿನ ಅಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್). ನೀವು ಇಪ್ಪತ್ತು ಅಳತೆ (ಬರಹದಲ್ಲಿ ಎರಡು ಅಡ್ಡ ಗೆರೆಗಳ ನಡುವಿನ ತಾಳದ ತುಂಡು) ಸುಮ್ಮನೆ ಕೂತು ಎಣಿಸುತ್ತಾ ಇದ್ದು ಆಮೇಲೆ ಊದಿದರೆ ಅದು ಆಗಲೇ ತಣ್ಣಗಾಗಿರುತ್ತದೆ. ನುಡಿಸದೇ ಇರುವಾಗ ಎಲ್ಲ ಕೀ ಮುಚ್ಚಿ, ಸದ್ದಿಲ್ಲದೆ ಬಿಸಿ ಉಸಿರು ಒಳಗೆ ಬಿಡುತ್ತಾ ಇರಿ. ಮೇಳದಲ್ಲಿ ಪಳಗಿದವರನ್ನು ಗಮನಿಸಿ, ಎಲ್ಲರೂ ಇದನ್ನು ಮಾಡುತ್ತಾರೆ.

ಜೋರಾಗಿ ಊದಿದರೆ ಏರುತ್ತದೆ, ಮೆಲ್ಲಗೆ ಊದಿದರೆ ಇಳಿಯುತ್ತದೆ. ಮನೆಯಲ್ಲಿ ನೀವು ಬಹುಶಃ ಒಂದೇ ಹದದಲ್ಲಿ ಊದುತ್ತೀರಿ, ಮೇಳದಲ್ಲಿ ಒಮ್ಮೆ ಮೆಲ್ಲಗೆ ಒಮ್ಮೆ ಜೋರು. ಮಧ್ಯ ಸ್ಥಾಯಿಯ ಸಿ ಶಾರ್ಪ್ ಬಗ್ಗೆ ಬೇರೆ ಜಾಗ್ರತೆ ಬೇಕು. ಹೆಚ್ಚುಕಡಿಮೆ ಎಲ್ಲ ಬೆರಳೂ ಎತ್ತಿರುವ ಸ್ವರ ಅದು, ಬಹಳ ಫ್ಲೂಟ್‌ಗಳಲ್ಲಿ ಏರಿಯೇ ಇರುತ್ತದೆ.

ಇನ್ನೊಂದು ನೋಡಿಕೊಳ್ಳಿ. ಫ್ಲೂಟಿನ ಒಳಗನ್ನು ಒರೆಸುವ ಕಡ್ಡಿಯ ತುದಿಯಲ್ಲಿ ಒಂದು ಗೆರೆ ಇರುತ್ತದೆ. ಕಡ್ಡಿಯನ್ನು ಹೆಡ್ ಜಾಯಿಂಟ್ ಒಳಗೆ ತಳದವರೆಗೆ ತೂರಿಸಿದರೆ ಆ ಗೆರೆ ಊದುವ ತೂತಿನ ಸರಿಯಾಗಿ ನಡುವೆ ಕಾಣಬೇಕು. ಅಂದರೆ ಆ ತುದಿಯನ್ನು ಒಳಗಿನಿಂದ ಮುಚ್ಚಿರುವ ಕಾರ್ಕಿನಿಂದ ತೂತಿನ ನಡುವಿಗೆ ಸುಮಾರು 17 ಮಿಲಿಮೀಟರ್. ತುದಿಯ ತಿರುಪನ್ನು ಯಾರೋ ತಿರುಗಿಸಿಬಿಟ್ಟಿದ್ದರೆ ಸ್ಥಾಯಿ ಸ್ಥಾಯಿಗೇ ಹೊಂದಿಕೆ ಇರುವುದಿಲ್ಲ, ನೀವು ಎಷ್ಟು ಎಳೆದರೂ ದೂಡಿದರೂ ಸರಿಹೋಗುವುದಿಲ್ಲ.

ಕೆಳಸ್ಥಾಯಿ:

ಆಲ್ಟೊ ವಿಷಯ ನಾನು ಹೇಳುತ್ತೇನೆ, ನಾಲ್ಕು ವರ್ಷ ವಿದ್ಯಾರ್ಥಿ ಮೇಳದಲ್ಲಿ ಆಲ್ಟೊ ನುಡಿಸಿದ್ದೇನೆ. ನಿಮಗೆ ಆದ ಬೇಜಾರು ನನಗೂ ಆಗಿತ್ತು. ಮೊದಲ ಪಾರ್ಟ್ ಸಿಕ್ಕವರು ಹಾಡನ್ನು ನುಡಿಸುತ್ತಾ ಇದ್ದರೆ ನಾನು ಅಳತೆಗೆ ಒಂದು ಉದ್ದ ಸ್ವರ ಹಿಡಿದುಕೊಂಡು ಕೂತಿರುತ್ತಿದ್ದೆ. ಮನೆಯಲ್ಲಿ ಅಭ್ಯಾಸ ಮಾಡುವುದಕ್ಕೂ ಮನಸ್ಸಾಗುತ್ತಿರಲಿಲ್ಲ, ಒಂಟಿಯಾಗಿ ಕೇಳಿದರೆ ಅದು ಸಂಗೀತವೇ ಅಲ್ಲ ಅನ್ನಿಸುತ್ತಿತ್ತು.

ಬದಲಾಗಿದ್ದು ನಾನು ಸ್ಕೋರ್ ತರಿಸಿಕೊಂಡು ಓದಿದ ಮೇಲೆ. ನನ್ನ ಪಾರ್ಟ್ ಒಂದೇ ಅಲ್ಲ, ಎಲ್ಲರದ್ದೂ ಇರುವ ಪೂರ್ತಿ ಸ್ಕೋರ್. ನನ್ನ ಒಂದೊಂದು ಸ್ವರದ ಮೇಲೆ ಅದು ಆಗ ಎಲ್ಲರೂ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನಲ್ಲಿ ಷಡ್ಜವೋ, ಗಾಂಧಾರವೋ, ಪಂಚಮವೋ ಅಂತ ಪೆನ್ಸಿಲ್‌ನಲ್ಲಿ ಬರೆದೆ. ಆಗ ಗೊತ್ತಾಯಿತು, ಆ ಬೇಸರದ ಉದ್ದ ಸ್ವರಗಳಲ್ಲಿ ಅರ್ಧಕ್ಕರ್ಧ ಗಾಂಧಾರಗಳು. ಹಾಡಿನ ಬಣ್ಣ ಬದಲಾಗುವುದೇ ಅಲ್ಲಿ. ನೀವು ಮೂರನೇ ಪಾರ್ಟ್‌ನವರು, ನಿಮ್ಮದರಲ್ಲೂ ಹಾಗೇ ಇರಬಹುದು, ನೋಡಿ.

ನಿಮ್ಮ ಶ್ರುತಿ ತೊಂದರೆಗೂ ಇದಕ್ಕೂ ನಂಟಿದೆ. ಟ್ಯೂನರ್ ತೋರಿಸುವ ಗಾಂಧಾರ ಮೇಳದಲ್ಲಿ ಸೇರುವ ಗಾಂಧಾರ ಅಲ್ಲ. ಕೀಬೋರ್ಡ್ ಲೆಕ್ಕದ ಗಾಂಧಾರ ಸುಮಾರು 14 ಸೆಂಟ್ ಏರಿರುತ್ತದೆ. ನೀವು ಹೇಳಿದ ಗುಂಯ್ ಅನ್ನುವ ಸದ್ದು ನೋಡಿ, ಅದು ಬರುವುದೂ ಇಲ್ಲಿಂದಲೇ. ಎರಡು ಫ್ಲೂಟ್ ಮೇಲಿನ ಸ್ಥಾಯಿಯಲ್ಲಿ ಒಟ್ಟಿಗೆ ನುಡಿದಾಗ ಕಿವಿಯಲ್ಲಿ ಮೂರನೇ ಸ್ವರವೊಂದು ಹುಟ್ಟುತ್ತದೆ, ಎರಡರ ವ್ಯತ್ಯಾಸದಷ್ಟು ಕಂಪನದ್ದು. ಒಬ್ಬರು 880 ಹರ್ಟ್ಸ್ ಇರುವ ಎ ಸ್ವರ ಹಿಡಿದರು, ಇನ್ನೊಬ್ಬರು ಮೇಲಿನ ಸಿ ಶಾರ್ಪ್ ಅನ್ನು ಟ್ಯೂನರ್ ಹೇಳಿದಂತೆ ಸುಮಾರು 1109ರಲ್ಲಿ ಹಿಡಿದರು ಅಂದುಕೊಳ್ಳಿ. ಹುಟ್ಟುವ ಸ್ವರ 229. ಅದು ಎ ಕೂಡ ಅಲ್ಲ, ಅದರ ಮೇಲಿನದ್ದೂ ಅಲ್ಲ, ಅದಕ್ಕೇ ಕಿವಿಗೆ ಚುಚ್ಚುತ್ತದೆ. ಸಿ ಶಾರ್ಪ್ ಅನ್ನು 1100ಕ್ಕೆ ಇಳಿಸಿದರೆ ವ್ಯತ್ಯಾಸ 220, ಅಂದರೆ ಎರಡು ಸ್ಥಾಯಿ ಕೆಳಗಿನ ಶುದ್ಧವಾದ ಎ. ಬಾಸ್ ಫ್ಲೂಟ್ ಇಲ್ಲದಿದ್ದರೂ ಕೆಳಗೆ ಯಾರೋ ಮೆಲ್ಲಗೆ ನುಡಿಸುತ್ತಿರುವ ಹಾಗೆ ಕೇಳಿಸುತ್ತದೆ! ಮೊದಲ ಸಲ ಅದು ಕೇಳಿಸಿದಾಗ ನಾನು ಊದುವುದನ್ನೇ ನಿಲ್ಲಿಸಿ ಸುತ್ತ ನೋಡಿದ್ದೆ.

ಈಗ ಆಲ್ಟೊ. ಕೊಳವೆ ನಿಮ್ಮ ಫ್ಲೂಟಿಗಿಂತ ಸುಮಾರು ಮೂರನೇ ಒಂದು ಭಾಗ ಹೆಚ್ಚು ಉದ್ದ. ಬೆರಳು ಇಡುವುದು ಅದೇ ರೀತಿ, ಆದರೆ ಕಾಗದದಲ್ಲಿ ಸಿ ಬರೆದಿದ್ದರೆ ಕೇಳುವುದು ಕೆಳಗಿನ ಜಿ. ಗಾಳಿ ಜಾಸ್ತಿ ಬೇಕು, ಆದರೆ ರಭಸ ಕಡಿಮೆ ಇರಬೇಕು. ತುಟಿ ಸಡಿಲ ಬಿಡಿ, ಕನ್ನಡಿಗೆ ಹಬೆ ಊದುವಾಗ ಬಿಡುತ್ತೀವಲ್ಲ, ಹಾಗೆ. ಸಾಮಾನ್ಯ ಫ್ಲೂಟಿನ ಬಿಗಿ ತುಟಿಯಲ್ಲೇ ಊದಿದರೆ ಮೇಲಿನ ಸ್ಥಾಯಿಗೆ ಹಾರಿಬಿಡುತ್ತದೆ. ದೊಡ್ಡ ಕೊಳವೆ ಮಾತಾಡುವುದು ಸ್ವಲ್ಪ ತಡ, ಅದಕ್ಕೆ ನಾಲಿಗೆಯ ಪೆಟ್ಟನ್ನು ಒಂದು ಕೂದಲೆಳೆ ಮುಂಚೆ ಕೊಡಬೇಕಾಗುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ತಾಳಕ್ಕೆ ಸರಿಯಾಗಿಯೇ ಊದುತ್ತಿದ್ದೇನೆ, ಆದರೂ ನೀನು ಹಿಂದೆ ಬೀಳುತ್ತೀಯ ಅಂತ ಯಾಕೆ ಅನ್ನುತ್ತಾರೆ ಅಂತ ಒಂದು ಇಡೀ ವರ್ಷ ಒದ್ದಾಡಿದೆ.

ಹಿಂದೆ ಸರಿಸುತ್ತಿದ್ದಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಪಾರ್ಟ್‌ಗೆ ಬೆರಳು ಚುರುಕಾಗಿರುವವರು ಇಬ್ಬರಾದರೂ ಸಿಗುತ್ತಾರೆ. ಆಲ್ಟೊ ಒಬ್ಬರೇ. ನೀವು ತಪ್ಪಿದರೆ ಮುಚ್ಚಿಕೊಳ್ಳುವುದಕ್ಕೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅಂಥ ಜಾಗಕ್ಕೆ ನಂಬಿಕೆ ಇಲ್ಲದವರನ್ನು ಯಾವ ಮೇಡಂ ಕೂರಿಸುತ್ತಾರೆ ಹೇಳಿ? ಇವತ್ತಿನ ಫ್ಲೂಟಿನ ರೂಪ ಕೊಟ್ಟ ಥಿಯೋಬಾಲ್ಡ್ ಬೋಮ್ ಕೂಡ ಕೊನೆಗಾಲದಲ್ಲಿ ಬಹಳ ಮೆಚ್ಚಿದ್ದು ಆಲ್ಟೊವನ್ನೇ.

ಮೆಲ್ಲುಸಿರು:

ಮೇಲಿನ ಇಬ್ಬರೂ ಹೇಳಿದ್ದಕ್ಕೆ ನನ್ನದೂ ಹೌದು. ಒಂದೇ ಮಾತು ಸೇರಿಸುತ್ತೇನೆ: ಟ್ಯೂನರನ್ನು ಪೂರ್ತಿ ಬಿಡಬೇಡಿ. ಕಿವಿ ಕಿವಿ ಅಂತ ಒಬ್ಬರಿಗೊಬ್ಬರು ಹೊಂದಿಕೊಳ್ಳುತ್ತಾ ಹೋಗಿ ಇಡೀ ಮೇಳವೇ ಮೇಲೆ ತೇಲಿಹೋಗುವುದನ್ನು ನೋಡಿದ್ದೇನೆ. ಶುರುವಿನಲ್ಲಿ ಬಾಸ್ ಅಥವಾ ಆಲ್ಟೊ ಟ್ಯೂನರ್ ನೋಡಿ ಸ್ವರ ಕೊಡಲಿ, ಉಳಿದವರು ಅದರ ಮೇಲೆ ಕಿವಿಯಿಂದ ಕಟ್ಟಿಕೊಳ್ಳಲಿ, ನಡುವೆ ಒಮ್ಮೆ ಮತ್ತೆ ನೋಡಿಕೊಳ್ಳಲಿ. ಪಿಕೊಲೊ ಕೊನೆಗೆ ಸೇರಲಿ, ಸ್ವರ ಮೇಲಾದಷ್ಟೂ ಅದೇ ತಪ್ಪಿಗೆ ಅಲೆ ಹೆಚ್ಚು. 440ರ ಹತ್ತಿರ 5 ಸೆಂಟ್ ತಪ್ಪಿದರೆ ಸೆಕೆಂಡಿಗೆ ಒಂದೋ ಒಂದೂವರೆಯೋ ಅಲೆ, 1760ರಲ್ಲಿ ಅದೇ 5 ಸೆಂಟಿಗೆ ಐದು ಅಲೆ. ಪಾಪ, ಪಿಕೊಲೊದವರಿಗೇ ಎಲ್ಲರಿಗಿಂತ ಕಷ್ಟ.

ಉಸಿರಿನ ವಿಷಯ ಯಾರೂ ಎತ್ತಿಲ್ಲ. ಒಂದೇ ಪಾರ್ಟ್‌ನಲ್ಲಿ ನೀವಿಬ್ಬರು ಇದ್ದೀರಲ್ಲ, ಯಾರು ಎಲ್ಲಿ ಉಸಿರು ತೆಗೆದುಕೊಳ್ಳುವುದು ಅಂತ ಮೊದಲೇ ಮಾತಾಡಿಕೊಂಡು ಗುರುತು ಹಾಕಿ. ಅಳತೆಯ ಗೆರೆ ಬಂತು ಅಂತ ಇಬ್ಬರೂ ಒಟ್ಟಿಗೆ ಉಸಿರೆಳೆದರೆ ಅಲ್ಲೊಂದು ತೂತು ಬೀಳುತ್ತದೆ. ನಿಮ್ಮ ಸರದಿ ಬಂದಾಗ ಸ್ವರವನ್ನು ಮೆಲ್ಲಗೆ ಬಿಟ್ಟು, ಉಸಿರೆಳೆದುಕೊಂಡು, ನಾಲಿಗೆ ತಾಗಿಸದೆ ಮೆಲ್ಲಗೆ ಒಳಗೆ ಬನ್ನಿ. ಒಂದು ಸ್ವರ ಪೂರ್ತಿ ಬಿಟ್ಟರೂ ಪರವಾಗಿಲ್ಲ, ಇನ್ನೊಬ್ಬರು ಹಿಡಿದಿರುತ್ತಾರೆ. ಉಸಿರು ಮುಗಿಯುವ ಹೊತ್ತಿಗೆ ಸ್ವರ ಇಳಿಯುತ್ತದೆ ಅನ್ನುವುದನ್ನೂ ಗಮನಿಸಿ, ನಿಮ್ಮ ಶ್ರುತಿ ತೊಂದರೆಯಲ್ಲಿ ಇದರ ಪಾಲು ದೊಡ್ಡದೇ ಇರಬಹುದು.

ಮತ್ತೆ ಕುರ್ಚಿ. ಫ್ಲೂಟ್ ಬಲಕ್ಕೆ ಚಾಚಿಕೊಂಡಿರುತ್ತದೆ, ಕುರ್ಚಿ ನೇರ ಇಟ್ಟು ಸ್ಟ್ಯಾಂಡ್ ನೋಡಲು ಹೋದರೆ ಬೆನ್ನು ತಿರುಚುತ್ತದೆ, ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಕುರ್ಚಿಯನ್ನು ಬಲಕ್ಕೆ ಸ್ವಲ್ಪ ಓರೆ ಮಾಡಿ ಕೂರಿ, ತಲೆ ಮಾತ್ರ ಸ್ಟ್ಯಾಂಡ್ ಕಡೆ ತಿರುಗಿಸಿ.

ಕೆಳಗಿನ ಪಾರ್ಟ್ ನುಡಿಸುವ ಖುಷಿ ಬೇಕಿದ್ದರೆ ಬುವಾಮೋರ್ತಿಯೇ ಎಂಬ ಫ್ರೆಂಚ್ ಸಂಗೀತಕಾರ 1727ರಲ್ಲಿ ಐದು ಫ್ಲೂಟಿಗೆ ಬರೆದ ಕನ್ಚೆರ್ಟೊಗಳನ್ನು ಗೆಳೆಯರ ಜೊತೆ ಓದಿ ನೋಡಿ. ಬಾಸ್ ವಾದ್ಯ ಬೇರೆ ಇಲ್ಲ, ಐದನೇ ಫ್ಲೂಟೇ ಆ ಕೆಲಸ ಮಾಡುತ್ತದೆ. ಕೈ ಕುದುರಿದ ಮೇಲೆ ಕೂಲಾವ್ ಎಂಬ ಸಂಗೀತಕಾರ ನಾಲ್ಕು ಫ್ಲೂಟಿಗೆ ಬರೆದ ಇ ಮೈನರ್ ಕ್ವಾರ್ಟೆಟ್ ಹಿಡಿಯಿರಿ. ಅದು ನಾಲ್ವರಿಗೂ ಕಷ್ಟವೇ.

ಮೂರನೇ_ಪಾರ್ಟ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಮಾಡಿ ನೋಡಿ ಆಮೇಲೆ ಹೇಳೋಣ ಅಂತ ಸುಮ್ಮನಿದ್ದೆ.

ಕಡ್ಡಿಯ ಗೆರೆ ನೋಡಿದೆ. ನಡುವೆ ಇರಲಿಲ್ಲ! ಒಂದು ಬದಿಗೆ ಚೆನ್ನಾಗಿಯೇ ಸರಿದಿತ್ತು. ಮೇಡಂ ಹತ್ತಿರ ಕೊಟ್ಟು ಸರಿ ಮಾಡಿಸಿಕೊಂಡೆ. ಅಷ್ಟರಿಂದಲೇ ಮೇಲಿನ ಸ್ಥಾಯಿ ಬಹಳ ಸುಧಾರಿಸಿತು. ಪಕ್ಕದವಳೂ ನಾನೂ ರಿಹರ್ಸಲ್‌ಗೆ ಕಾಲು ಗಂಟೆ ಮುಂಚೆ ಹೋಗಿ ಒಂದೇ ಸ್ವರ ಹಿಡಿದು ಅಲೆ ನಿಲ್ಲಿಸುವ ಅಭ್ಯಾಸ ಮಾಡುತ್ತಿದ್ದೇವೆ. ಮೊದಲ ದಿನ ಇಬ್ಬರಿಗೂ ತಲೆ ಸುತ್ತಿತು, ಈಗ ಐದಾರು ಸೆಕೆಂಡಿನಲ್ಲಿ ಸೇರುತ್ತದೆ. ಬೇರೆ ಬೇರೆ ಸ್ವರ ಹಿಡಿದಾಗ ಆ ಮೂರನೇ ಸ್ವರವೂ ಒಮ್ಮೆ ಕೇಳಿಸಿತು, ಸ್ವಲ್ಪ ಹೊತ್ತು ಮಾತ್ರ. ಅವಳಿಗೂ ಕೇಳಿಸಿತು, ಇಬ್ಬರೂ ಒಟ್ಟಿಗೇ ಹುಬ್ಬೇರಿಸಿದೆವು.

ಸ್ಕೋರ್ ಕೇಳಿದಾಗ ಮೇಡಂ ಬಹಳ ಖುಷಿಪಟ್ಟರು. ನಮ್ಮ ಪಾರ್ಟ್‌ನಲ್ಲಿ ಗಾಂಧಾರಗಳು ನಿಜಕ್ಕೂ ಜಾಸ್ತಿ ಇವೆ. ಆಲ್ಟೊಗೆ ಹೂಂ ಅಂದಿದ್ದೇನೆ. ನಿನ್ನೆ ಮನೆಗೆ ತಂದೆ. ಕೆಳಗಿನ ಸ್ವರಗಳು ಬಂದಾಗ ಬೆರಳಿಗೇ ಗೊತ್ತಾಗುತ್ತದೆ, ಕೊಳವೆ ಕೈಯಲ್ಲಿ ನಡುಗುತ್ತದೆ, ಅದು ನನಗೆ ತುಂಬಾ ಇಷ್ಟವಾಯಿತು. ಆದರೆ ನನ್ನ ಕೈ ಗಿಡ್ಡ. ನೇರ ಹೆಡ್ ಜಾಯಿಂಟ್ ಹಾಕಿದರೆ ಎಡಗೈ ಚಾಚಿ ಹತ್ತು ನಿಮಿಷಕ್ಕೆ ಭುಜ ನೋಯುತ್ತದೆ. ಪೆಟ್ಟಿಗೆಯಲ್ಲಿ ಬಾಗಿದ ಹೆಡ್ ಜಾಯಿಂಟ್ ಕೂಡ ಇದೆ. ಅದನ್ನು ಹಾಕಿಕೊಳ್ಳಲಾ?

ಕೆಳಸ್ಥಾಯಿ:

ಧಾರಾಳವಾಗಿ ಹಾಕಿಕೊಳ್ಳಿ. ಇರುವುದೇ ಅದಕ್ಕೆ. ಭಾರ ನಿಮ್ಮ ಮೈ ಹತ್ತಿರಕ್ಕೆ ಬರುತ್ತದೆ, ಕೈ ಚಾಚುವುದು ಕಡಿಮೆಯಾಗುತ್ತದೆ. ಒಂದು ತೊಂದರೆ ಅಂದರೆ ಅದು ಕೈಯಲ್ಲಿ ಉರುಳುವುದು ಜಾಸ್ತಿ. ಉರುಳಿದರೆ ತೂತು ತುಟಿಯಿಂದ ಸರಿದು ಶ್ರುತಿ ಹೋಗುತ್ತದೆ. ಮೊದಲ ಒಂದು ವಾರ ಕನ್ನಡಿ ಮುಂದೆ ನಿಂತು ಉದ್ದ ಸ್ವರಗಳನ್ನೇ ಊದಿ, ಹತ್ತು ಹತ್ತು ನಿಮಿಷ, ನಡುವೆ ಕೆಳಗಿಟ್ಟು ಭುಜ ಸಡಿಲ ಮಾಡಿಕೊಳ್ಳಿ. ಆದರೂ ನೋವು ಬಂದರೆ ಹಲ್ಲು ಕಚ್ಚಿಕೊಂಡು ನುಡಿಸಬೇಡಿ, ಮೇಡಂಗೆ ಅವತ್ತೇ ಹೇಳಿ.